ಪೊಟ್ಟಣದ ಮೇಲೊಂದು ಹೆಸರು, ಒಳಗಿನ ಸರಕಿಗೆ ಇನ್ನೊಂದು!

ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಈ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತೆ. ರಾತ್ರಿ ಹತ್ತಾದರೂ ಲ್ಯಾಪ್‌ಟಾಪ್ ಬಿಟ್ಟು ಎದ್ದಿರೋದಿಲ್ಲ. "ಊಟಕ್ಕೆ ಬಾರೋ" ಅಂದರೆ, "ಒಂದ್ನಿಮಿಷ ಅಮ್ಮ, ಇನ್‌ಸ್ಟಾಲ್ ಮಾಡಿದೀನಿ, ಆದ್ರೂ ಇಲ್ಲ ಅಂತಿದೆ" ಅನ್ನುವ ಉತ್ತರ ಬರುತ್ತೆ. ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ 'ಮಾಡ್ಯೂಲ್ ನಾಟ್ ಫೌಂಡ್ ಎರರ್' ಅಂತ ಒಂದು ಸಾಲು. ಅಂದರೆ, ನೀವು ಕೇಳಿದ ಮಾಡ್ಯೂಲು ಇಲ್ಲಿ ಸಿಗಲಿಲ್ಲ.

ಹುಡುಗ ಇನ್‌ಸ್ಟಾಲ್ ಮಾಡಿದ್ದೂ ನಿಜ. ಕಂಪ್ಯೂಟರು ಇಲ್ಲ ಅನ್ನೋದೂ ನಿಜ. ಎರಡೂ ಒಟ್ಟಿಗೆ ನಿಜವಾಗೋದು ಹೇಗೆ? ಉತ್ತರ ನಮ್ಮ ಮನೆಗಳಲ್ಲೇ ಇದೆ. ಶಾಲೆಯ ದಾಖಲೆಯಲ್ಲಿ ಲಕ್ಷ್ಮೀನಾರಾಯಣ, ಬೀದಿಯಲ್ಲೆಲ್ಲ ಪುಟ್ಟ. ಪೋಸ್ಟ್‌ಮ್ಯಾನ್ ಬಂದು "ಲಕ್ಷ್ಮೀನಾರಾಯಣ ಯಾರ್ರೀ?" ಅಂದರೆ ಪಕ್ಕದ ಮನೆಯವರಿಗೇ ಗೊತ್ತಾಗಲ್ಲ. ಸಾಫ್ಟ್‌ವೇರ್ ಲೋಕದಲ್ಲೂ ಹೀಗೇ ದಾಖಲೆಯ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು. ಇವೆರಡನ್ನೂ ಹೊಂದಿಸೋದು ಸಣ್ಣ ಕೆಲಸದ ಹಾಗೆ ಕಾಣುತ್ತೆ. ಆದರೆ ಈ ಹೊಂದಾಣಿಕೆಯನ್ನು ಊಹೆಗೆ ಬಿಟ್ಟ ಕಡೆಗಳಲ್ಲಿ ಕಳ್ಳರು ಬಂದು ಕೂತಿದ್ದಾರೆ. ಹಾಗಾಗಿ ಇದನ್ನು ಮನೆಮಂದಿಯೂ ಸ್ವಲ್ಪ ತಿಳಿದಿರೋದು ಒಳ್ಳೇದು.

ಪೊಟ್ಟಣ ಯಾವುದು, ಮಾಡ್ಯೂಲು ಯಾವುದು?

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮೊದಲು ಕಲಿಯುವ ಭಾಷೆ ಪೈಥಾನ್. ಸಿಬಿಎಸ್‌ಇ 11 ಮತ್ತು 12ನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪಾಠದಲ್ಲೂ ಅದೇ ಇದೆ. ನೆದರ್‌ಲೆಂಡ್ಸ್‌ನ ಗೀಡೋ ವಾನ್ ರಾಸಮ್ ಇದನ್ನು 1991ರಲ್ಲಿ ಹೊರತಂದರು. ಉದಾಹರಣೆಗೆ ಅದನ್ನೇ ತೆಗೆದುಕೊಳ್ಳೋಣ.

ಎಲ್ಲವನ್ನೂ ನಾವೇ ಬರೆಯಬೇಕಾಗಿಲ್ಲ. ಚಿತ್ರ ತಿದ್ದೋಕೆ, ಎಕ್ಸೆಲ್ ಫೈಲ್ ಓದೋಕೆ, ಹವಾಮಾನದ ಅಂಕಿ ಅಂಶ ತರೋಕೆ ಬೇಕಾದ ಕೋಡನ್ನು ಯಾರೋ ಆಗಲೇ ಬರೆದು ಪೊಟ್ಟಣ ಕಟ್ಟಿ ಇಟ್ಟಿರುತ್ತಾರೆ. ಈ ಪೊಟ್ಟಣಗಳ ದೊಡ್ಡ ಉಗ್ರಾಣದ ಹೆಸರು ಪೈಪಿಐ. 2003ರಲ್ಲಿ ಶುರುವಾದ ಇದರಲ್ಲಿ ಈಗ 5 ಲಕ್ಷಕ್ಕೂ ಹೆಚ್ಚು ಯೋಜನೆಗಳಿವೆ. ಉಗ್ರಾಣದಿಂದ ಪೊಟ್ಟಣ ತಂದುಕೊಡುವ ಆಳಿನ ಹೆಸರು ಪಿಪ್. 'ಪಿಪ್ ಇನ್‌ಸ್ಟಾಲ್' ಅಂತ ಬರೆದು ಪೊಟ್ಟಣದ ಹೆಸರು ಹೇಳಿದರೆ ಸಾಕು, ತಂದು ಬಿಚ್ಚಿ ಒಳಗಿನ ಸಾಮಾನನ್ನು ಕಪಾಟಿನಲ್ಲಿ ಜೋಡಿಸಿ ಇಡುತ್ತೆ. ಇದು ಮೊದಲ ಹೆಜ್ಜೆ.

ಎರಡನೇ ಹೆಜ್ಜೆಯಲ್ಲಿ, ನಾವು ಬರೆಯುವ ಪ್ರೋಗ್ರಾಮಿನ ಮೇಲ್ಗಡೆ 'ಇಂಪೋರ್ಟ್' ಅಂತ ಬರೆದು ಕಪಾಟಿನಲ್ಲಿರುವ ವಸ್ತುವನ್ನು ಕರೆಯಬೇಕು. ಆ ವಸ್ತುವೇ ಮಾಡ್ಯೂಲು. ಪೈಥಾನಿಗೆ ಪೊಟ್ಟಣದ ಮೇಲೆ ಏನು ಬರೆದಿತ್ತು ಅನ್ನೋದು ಈಗ ಬೇಕಿಲ್ಲ. ಕಪಾಟಿನಲ್ಲಿ ಆ ಹೆಸರಿನ ಫೈಲೋ ಫೋಲ್ಡರೋ ಇದೆಯಾ ಅಂತ ನೋಡುತ್ತೆ, ಅಷ್ಟೇ. ಇದ್ದರೆ ತರುತ್ತೆ, ಇಲ್ಲದಿದ್ದರೆ ಕೆಂಪು ಅಕ್ಷರ ತೋರಿಸುತ್ತೆ.

ಪೊಟ್ಟಣದ ಹೆಸರಿಗೂ ಒಳಗಿನ ಫೋಲ್ಡರಿನ ಹೆಸರಿಗೂ ಸಂಬಂಧ ಇರಲೇಬೇಕು ಅಂತ ಯಾವ ಕಾನೂನೂ ಇಲ್ಲ. ಬಹಳ ಸಲ ಎರಡೂ ಒಂದೇ ಇರುತ್ತೆ. ನಂಪೈ, ಪಾಂಡಾಸ್, ರಿಕ್ವೆಸ್ಟ್ಸ್ ಎಲ್ಲ ಹಾಗೇ. ಅದರಿಂದಲೇ ಮಕ್ಕಳಿಗೆ 'ಎಲ್ಲ ಕಡೆಯೂ ಹೀಗೇ ಇರುತ್ತೆ' ಅನ್ನುವ ನಂಬಿಕೆ ಬೇರೂರೋದು. ಆಮೇಲೆ ಒಂದು ದಿನ ಮುಗ್ಗರಿಸುತ್ತಾರೆ.

ದಿಂಬಿನೊಳಗೆ ಪಿಐಎಲ್

ಎರಡು ಹೆಸರು ಯಾಕೆ ಬರುತ್ತೆ ಅನ್ನೋದಕ್ಕೆ ಪಿಲ್ಲೋ ಪೊಟ್ಟಣದ ಕತೆ ಕೇಳಿ. 1990ರ ದಶಕದ ನಡುವಿನಲ್ಲಿ ಸ್ವೀಡನ್ನಿನ ಫ್ರೆಡ್ರಿಕ್ ಲುಂಡ್ ಅವರು ಪೈಥಾನ್ ಇಮೇಜಿಂಗ್ ಲೈಬ್ರರಿ ಬರೆದರು. ಚಿತ್ರ ತೆರೆಯೋಕೆ, ಕತ್ತರಿಸೋಕೆ, ಚಿಕ್ಕದು ದೊಡ್ಡದು ಮಾಡೋಕೆ ಎಲ್ಲರೂ ಅದನ್ನೇ ಬಳಸೋರು. ಹೆಸರಿನ ಮೊದಲಕ್ಷರ ಸೇರಿಸಿ ಪಿಐಎಲ್ ಅಂತ ಕರೆಯೋದು ರೂಢಿಯಾಯ್ತು. 2009ರ ನಂತರ ಅದರ ಹೊಸ ಆವೃತ್ತಿ ಬರಲಿಲ್ಲ. 2010ರಲ್ಲಿ ಬೇರೆಯವರು ಆ ಕೋಡಿನ ಪ್ರತಿಯನ್ನು ತೆಗೆದುಕೊಂಡು ಮುಂದುವರಿಸಿದರು. ಅದೇ ಪಿಲ್ಲೋ, ಅಂದರೆ ದಿಂಬು.

ಉಗ್ರಾಣದಲ್ಲಿ ಹಳೇ ಹೆಸರು ಹಳಬರದ್ದೇ ಆದ್ದರಿಂದ ಪೊಟ್ಟಣಕ್ಕೆ ಹೊಸ ಹೆಸರು ಬೇಕಾಯ್ತು. ಆದರೆ ಒಳಗಿನ ಮಾಡ್ಯೂಲಿನ ಹೆಸರನ್ನೂ ಬದಲಿಸಿದ್ದರೆ? ಪ್ರಪಂಚದಾದ್ಯಂತ ಪಿಐಎಲ್ ನಂಬಿ ಬರೆದಿದ್ದ ಪ್ರೋಗ್ರಾಮುಗಳನ್ನೆಲ್ಲ ತಿದ್ದಬೇಕಾಗ್ತಿತ್ತು. ಅದಕ್ಕೇ ಕರೆಯುವ ಹೆಸರನ್ನು ಹಾಗೇ ಉಳಿಸಿದರು. ಇವತ್ತಿಗೂ ಇನ್‌ಸ್ಟಾಲ್ ಮಾಡುವಾಗ ಪಿಲ್ಲೋ, ಇಂಪೋರ್ಟ್ ಮಾಡುವಾಗ ಪಿಐಎಲ್. ಇನ್ನೊಬ್ಬರಿಗೆ ತೊಂದರೆ ಆಗಬಾರದು ಅನ್ನುವ ಸೌಜನ್ಯವೇ ಇಲ್ಲಿ ಎರಡು ಹೆಸರಿಗೆ ಕಾರಣ.

ಬೇರೆಯವಕ್ಕೆ ಬೇರೆ ಕಾರಣ. ಚಿತ್ರದಲ್ಲಿ ಮುಖ ಗುರುತಿಸೋದು ಮುಂತಾದ ಕೆಲಸಕ್ಕೆ ಬೇಕಾಗುವ ಓಪನ್‌ಸಿವಿ ಪೊಟ್ಟಣದ ಹೆಸರು 'ಓಪನ್‌ಸಿವಿ-ಪೈಥಾನ್', ಮಾಡ್ಯೂಲಿನ ಹೆಸರು 'ಸಿವಿ2'. ಹಿಂದೆ 'ಸಿವಿ' ಅಂತ ಇತ್ತು, ಒಳರಚನೆ ಬದಲಾದಾಗ 'ಸಿವಿ2' ಆಯ್ತು. ಓಪನ್‌ಸಿವಿಯ 4ನೇ ಆವೃತ್ತಿಗೆ ಬಂದರೂ ಮಾಡ್ಯೂಲು ಮಾತ್ರ ಸಿವಿ2 ಆಗಿಯೇ ಉಳಿದಿದೆ. 'ಸಿವಿ4 ಎಲ್ಲಿದೆ?' ಅಂತ ಹುಡುಕಿದರೆ ಸಿಗಲ್ಲ.

ಯಂತ್ರ ಕಲಿಕೆಗೆ ಬಳಸುವ 'ಸೈಕಿಟ್-ಲರ್ನ್' ವಿಷಯ ಇನ್ನೊಂದು ಥರ. ಪೈಥಾನಿನಲ್ಲಿ ಅಡ್ಡಗೆರೆ ಅಂದರೆ ಕಳೆಯುವ ಚಿಹ್ನೆ. ಅಡ್ಡಗೆರೆ ಇರುವ ಹೆಸರನ್ನು ಇಂಪೋರ್ಟ್ ಸಾಲಿನಲ್ಲಿ ಬರೆದರೆ ಭಾಷೆಯೇ ಒಪ್ಪಲ್ಲ. ಹಾಗಾಗಿ ಅದನ್ನು 'ಎಸ್‌ಕೆಲರ್ನ್' ಅಂತ ಕರೀಬೇಕು. ಪೈಯಾಮ್ಲ್ ಪೊಟ್ಟಣದೊಳಗೆ 'ಯಾಮ್ಲ್', ಬ್ಯೂಟಿಫುಲ್‌ಸೂಪ್4 ಪೊಟ್ಟಣದೊಳಗೆ 'ಬಿಎಸ್4', ಪೈಥಾನ್-ಡಾಕ್ಸ್ ಪೊಟ್ಟಣದೊಳಗೆ ಬರೀ 'ಡಾಕ್ಸ್'.

ಇನ್ನೂ ಒಂದು ಸೂಕ್ಷ್ಮ ಇದೆ. ಉಗ್ರಾಣದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದ ಇಲ್ಲ. ಅಡ್ಡಗೆರೆ, ಕೆಳಗೆರೆ, ಚುಕ್ಕಿ ಮೂರನ್ನೂ ಪಿಪ್ ಒಂದೇ ಅಂತ ಲೆಕ್ಕ ಹಾಕುತ್ತೆ. ಇಂಪೋರ್ಟ್ ಮಾಡುವಾಗ ಮಾತ್ರ ಅಕ್ಷರ ಅಕ್ಷರವೂ ಸರಿ ಇರಬೇಕು. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ಹೊಸಬರಿಗೆ ತಲೆ ಕೆಡದೇ ಇರುತ್ತಾ?

ಒಂದೇ ಹೆಸರಿಗೆ ಇಬ್ಬರು

ಒಂದು ಪೊಟ್ಟಣಕ್ಕೆ ಒಂದೇ ಮಾಡ್ಯೂಲು ಅಂತಾದರೂ ಇದ್ದಿದ್ದರೆ ಒಂದು ಪಟ್ಟಿ ಬಾಯಿಪಾಠ ಮಾಡಿ ಮುಗಿಸಬಹುದಿತ್ತು. ಹಾಗೂ ಇಲ್ಲ.

ಓಪನ್‌ಸಿವಿಯನ್ನೇ ನೋಡಿ. ಮಾಮೂಲಿ ಪೊಟ್ಟಣ ಒಂದು, ಹೆಚ್ಚುವರಿ ಸೌಲಭ್ಯ ಇರುವ 'ಕಾಂಟ್ರಿಬ್' ಇನ್ನೊಂದು, ಪರದೆಯೇ ಇಲ್ಲದ ಸರ್ವರ್‌ಗಳಿಗಾಗಿ 'ಹೆಡ್‌ಲೆಸ್' ಮತ್ತೊಂದು. ಎಲ್ಲವೂ ಸಿವಿ2 ಅನ್ನುವ ಒಂದೇ ಫೋಲ್ಡರಿಗೆ ಬಂದು ಕೂರುತ್ತವೆ. ಎರಡನ್ನು ಹಾಕಿಕೊಂಡು ಆಮೇಲೆ ಒಂದನ್ನು ತೆಗೆದರೆ, ಇನ್ನೊಂದರ ಫೈಲುಗಳೂ ಅದರ ಜೊತೆ ಹೋಗಬಹುದು. 'ಇವುಗಳಲ್ಲಿ ಒಂದನ್ನು ಮಾತ್ರ ಹಾಕಿ' ಅಂತ ಓಪನ್‌ಸಿವಿ ಪೊಟ್ಟಣದ ವಿವರಣೆಯಲ್ಲೇ ಹೇಳಿದ್ದಾರೆ. ಓದೋರು ಕಡಿಮೆ!

ಅರ್ಡುಯಿನೋ ಬೋರ್ಡ್ ಇಟ್ಟುಕೊಂಡು ಕಾಲೇಜು ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಇನ್ನೊಂದು ಗುಂಡಿ ಕಾದಿದೆ. ಬೋರ್ಡಿನ ಜೊತೆ ಮಾತಾಡೋಕೆ ಬೇಕಾದ ಮಾಡ್ಯೂಲು 'ಸೀರಿಯಲ್'. ಆದರೆ ಅದು ಬರೋದು 'ಪೈಸೀರಿಯಲ್' ಪೊಟ್ಟಣದಲ್ಲಿ. ಹುಡುಗ 'ಪಿಪ್ ಇನ್‌ಸ್ಟಾಲ್ ಸೀರಿಯಲ್' ಅಂತ ಬರೆದ ಅಂದುಕೊಳ್ಳಿ. ಆ ಹೆಸರಿನ ಪೊಟ್ಟಣವೂ ಉಗ್ರಾಣದಲ್ಲಿದೆ, ಅದರೊಳಗೂ ಸೀರಿಯಲ್ ಅನ್ನುವ ಮಾಡ್ಯೂಲೇ ಇದೆ, ಆದರೆ ಅದು ಮಾಡೋ ಕೆಲಸವೇ ಬೇರೆ. ಅದರಲ್ಲಿ ತಪ್ಪು, ಮೋಸ ಏನೂ ಇಲ್ಲ. ಒಂದೇ ಹೆಸರಿನ ಇಬ್ಬರು, ಅಷ್ಟೇ. ಈಗ ಇಂಪೋರ್ಟ್ ಸಲೀಸಾಗಿ ಆಗುತ್ತೆ, ಕೆಂಪು ಅಕ್ಷರ ಬರಲ್ಲ. ನಾಲ್ಕು ಸಾಲು ಕೆಳಗೆ 'ಇದರಲ್ಲಿ ಆ ಸೌಲಭ್ಯವೇ ಇಲ್ಲ' ಅಂತ ಬೇರೊಂದು ದೂರು ಬರುತ್ತೆ. ಹುಡುಗ ಬೋರ್ಡ್ ಕೆಟ್ಟಿದೆ ಅಂದುಕೊಂಡು ವೈರ್ ಕಿತ್ತು ಜೋಡಿಸುತ್ತಾ ಕೂರುತ್ತಾನೆ.

ಇದಕ್ಕೆ ಉಲ್ಟಾ ಸಂಗತಿಯೂ ಇದೆ. 'ಗೂಗಲ್' ಅನ್ನುವ ಒಂದೇ ಫೋಲ್ಡರಿನ ಕೆಳಗೆ ಹತ್ತಾರು ಬೇರೆ ಬೇರೆ ಪೊಟ್ಟಣಗಳು ತಮ್ಮ ತಮ್ಮ ಮಾಡ್ಯೂಲುಗಳನ್ನು ತಂದಿಡುತ್ತವೆ. ಒಂದು ವಠಾರದಲ್ಲಿ ಹಲವು ಸಂಸಾರ ಇದ್ದ ಹಾಗೆ. ಗೂಗಲ್ ಅಂತ ಒಂದೇ ಪದ ನೋಡಿ ಇದು ಯಾವ ಪೊಟ್ಟಣದ್ದು ಅಂತ ಹೇಳೋಕೇ ಆಗಲ್ಲ. ಪೂರ್ತಿ ವಿಳಾಸ ಬೇಕು.

ಊಹೆ ಮಾಡಿದ ಕಡೆ ಕಳ್ಳ

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೊತ್ತು ಹಾಳಾಗುವ ಕತೆ. ಇನ್ನು ಮುಂದಿನದು ಸ್ವಲ್ಪ ಗಂಭೀರ.

ಪೈಪಿಐನಲ್ಲಿ ಹೆಸರು ಯಾರಿಗೆ ಸಿಗುತ್ತೆ? ಮೊದಲು ಬಂದವರಿಗೆ. ಯಾರು ಬೇಕಾದರೂ ಖಾತೆ ತೆರೆದು, ಖಾಲಿ ಇರುವ ಹೆಸರಲ್ಲಿ ಪೊಟ್ಟಣ ಇಡಬಹುದು. ಈ ಮುಕ್ತತೆಯಿಂದಲೇ ಪೈಥಾನ್ ಇಷ್ಟು ಬೆಳೆದಿದ್ದು. ಆದರೆ ಜನ ತಪ್ಪಾಗಿ ಬರೆಯಬಹುದಾದ ಹೆಸರುಗಳು ಯಾವುವು ಅಂತ ಕಳ್ಳನೂ ಲೆಕ್ಕ ಹಾಕ್ತಾನೆ.

2019ರ ಡಿಸೆಂಬರ್‌ನಲ್ಲಿ ಜರ್ಮನಿಯ ಒಬ್ಬ ಡೆವಲಪರ್ ಇಂಥ ಎರಡು ಪೊಟ್ಟಣ ಹಿಡಿದುಕೊಟ್ಟರು. ತಾರೀಖು, ಸಮಯದ ಲೆಕ್ಕಕ್ಕೆ ಬಳಸುವ ಮಾಡ್ಯೂಲು 'ಡೇಟ್‌ಯುಟಿಲ್'. ಅದರ ಅಸಲಿ ಪೊಟ್ಟಣ 'ಪೈಥಾನ್-ಡೇಟ್‌ಯುಟಿಲ್'. ಕಳ್ಳ ಇಟ್ಟಿದ್ದು 'ಪೈಥಾನ್3-ಡೇಟ್‌ಯುಟಿಲ್'. ಮಧ್ಯೆ ಒಂದು 3, ನೋಡಿದರೆ ಇದೇ ಹೆಚ್ಚು ಸರಿ ಅನಿಸಬೇಕು! ಲಿನಕ್ಸ್ ಬಳಸುವವರಿಗಂತೂ ಅದು ದಿನಾ ನೋಡುವ ಹೆಸರಿನ ಮಾದರಿಯೇ. ಈ ಪೊಟ್ಟಣ ತಾನೇ ಕದಿಯುತ್ತಿರಲಿಲ್ಲ, ಇನ್ನೊಂದನ್ನು ಒಳಗೆ ಕರೆದುಕೊಳ್ತಿತ್ತು. ಆ ಎರಡನೆಯದು ಜೆಲ್ಲಿಫಿಶ್ ಅನ್ನುವ ಒಳ್ಳೆಯ ಪೊಟ್ಟಣದ ನಕಲಿ. ಇಂಗ್ಲಿಷಿನಲ್ಲಿ ಬರೆದಾಗ ಮೊದಲ ಸಣ್ಣ ಎಲ್ ಅಕ್ಷರದ ಜಾಗದಲ್ಲಿ ದೊಡ್ಡ ಐ ಅಕ್ಷರ ಇಟ್ಟಿದ್ದರು. ಕನ್ನಡದಲ್ಲಿ ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಕಣ್ಣಿಗೆ ವ್ಯತ್ಯಾಸ ಸಿಗಲ್ಲವಲ್ಲ, ಹಾಗೆ. ಒಳಗೆ ಬಂದ ಮೇಲೆ ಅದು ಕಂಪ್ಯೂಟರಿನಲ್ಲಿದ್ದ ಎಸ್‌ಎಸ್‌ಎಚ್ ಮತ್ತು ಜಿಪಿಜಿ ಕೀಲಿಗಳನ್ನು ಹುಡುಕಿ ಕದಿಯುತ್ತಿತ್ತು. ಈ ಕೀಲಿಗಳು ಅಂದರೆ ಬೇರೆ ಸರ್ವರ್‌ಗಳ ಬಾಗಿಲು ತೆಗೆಯುವ ಬೀಗದ ಕೈ ಇದ್ದ ಹಾಗೆ. ನಕಲಿ ಜೆಲ್ಲಿಫಿಶ್ ಸುಮಾರು ಒಂದು ವರ್ಷ ಉಗ್ರಾಣದಲ್ಲಿ ಆರಾಮಾಗಿ ಕೂತಿತ್ತು.

ಇಂಥ ಪೊಟ್ಟಣ ಹಾಕಿಕೊಂಡು, ಇಂಪೋರ್ಟ್ ಮಾಡದೇ ಬಿಟ್ಟರೆ ಪಾರಾಗ್ತೀವಾ? ಅದೂ ಖಾತ್ರಿ ಇಲ್ಲ. ಕೆಲವು ಬಗೆಯ ಪೊಟ್ಟಣಗಳು ಇನ್‌ಸ್ಟಾಲ್ ಆಗುವಾಗಲೇ ತಮ್ಮೊಳಗಿನ ಕೋಡನ್ನು ನಡೆಸುತ್ತವೆ. ಅಂದರೆ ಡಬ್ಬಿ ತೆರೆದ ಕೂಡಲೇ ಹಾವು ಹೊರಗೆ.

ಒಳ್ಳೆಯವರು ಇದಕ್ಕೆ ಒಂದು ಉಪಾಯ ಮಾಡಿದ್ದಾರೆ. ಜನ ತಪ್ಪಿ ಬರೆಯಬಹುದಾದ ಹೆಸರನ್ನು ತಾವೇ ಮೊದಲು ಹಿಡಿದಿಟ್ಟುಕೊಳ್ಳೋದು! ಬಿಎಸ್4 ಅನ್ನುವ ಹೆಸರಲ್ಲಿ ಉಗ್ರಾಣದಲ್ಲಿರೋದು ಬರೀ ಕಾವಲಿನ ಪೊಟ್ಟಣ. ಬ್ಯೂಟಿಫುಲ್ ಸೂಪ್ ಬರೆದವರೇ ಅದನ್ನಿಟ್ಟು, 'ನಿಮಗೆ ಬೇಕಾದ್ದು ಬ್ಯೂಟಿಫುಲ್‌ಸೂಪ್4' ಅಂತ ಬೋರ್ಡು ಹಾಕಿದ್ದಾರೆ. ಎಸ್‌ಕೆಲರ್ನ್ ಹೆಸರಿನಲ್ಲೂ ಹೀಗೇ ಒಂದಿತ್ತು. ಅದನ್ನು ಹಾಕಿದರೆ ಸುಮ್ಮನೆ ಸೈಕಿಟ್-ಲರ್ನ್ ತಂದುಕೊಡ್ತಿತ್ತು. ಆದರೆ ಇದರಿಂದ ಜನರಿಗೆ ತಪ್ಪು ಹೆಸರೇ ಅಭ್ಯಾಸ ಆಗ್ತಿದೆ ಅಂತ ಅವರಿಗೆ ಅನಿಸಿತು. 2022ರ ಡಿಸೆಂಬರ್‌ನಿಂದ ಆಗಾಗ ನಿಲ್ಲಿಸಿ ಎಚ್ಚರಿಸುತ್ತಾ ಬಂದು, ಒಂದು ವರ್ಷದ ಮೇಲೆ ಪೂರ್ತಿ ನಿಲ್ಲಿಸಿದರು. ಈಗ ಆ ಹೆಸರು ಬರೆದರೆ 'ಸೈಕಿಟ್-ಲರ್ನ್ ಅಂತ ಬರೀರಿ' ಅನ್ನುವ ಎಚ್ಚರಿಕೆಯೇ ಬರುತ್ತೆ.

ಎಐ ಹೇಳಿದ ಹೆಸರು

ಈಗಿನ ಮಕ್ಕಳು ಹೆಸರನ್ನು ಊಹೆ ಮಾಡೋದೂ ಕಡಿಮೆ. ಚಾಟ್‌ಬಾಟ್ ಕೇಳ್ತಾರೆ. ಅದು ಕೋಡು ಬರೆದುಕೊಟ್ಟು, 'ಈ ಪೊಟ್ಟಣ ಇನ್‌ಸ್ಟಾಲ್ ಮಾಡಿ' ಅಂತ ಧೈರ್ಯವಾಗಿ ಹೇಳುತ್ತೆ. ಆದರೆ ಚಾಟ್‌ಬಾಟ್‌ಗೂ ಊಹೆಯೇ ಗತಿ. ಅಮೆರಿಕದ ಮೂರು ವಿಶ್ವವಿದ್ಯಾಲಯಗಳ ಸಂಶೋಧಕರು 16 ಎಐ ಮಾದರಿಗಳಿಂದ 5,76,000 ಕೋಡ್ ತುಣುಕು ಬರೆಸಿ ನೋಡಿದರು. ಅವು ಸೂಚಿಸಿದ ಪೊಟ್ಟಣದ ಹೆಸರುಗಳಲ್ಲಿ ಸುಮಾರು ಐದಕ್ಕೆ ಒಂದು ಅಸ್ತಿತ್ವದಲ್ಲೇ ಇರಲಿಲ್ಲ.

ಇಲ್ಲದ ಹೆಸರಾದರೆ ಪಿಪ್ 'ಇಲ್ಲ' ಅನ್ನುತ್ತೆ, ಅದರಿಂದ ತೊಂದರೆ ಏನು ಅಂತ ಕೇಳಬಹುದು. ತೊಂದರೆ ಬರೋದು ಆ ಹೆಸರನ್ನು ನಾಳೆ ಯಾರಾದರೂ ಹಿಡಿದುಕೊಂಡಾಗ. 2024ರಲ್ಲಿ ಒಬ್ಬ ಭದ್ರತಾ ಸಂಶೋಧಕರು ಇದನ್ನು ಮಾಡಿಯೇ ತೋರಿಸಿದರು. ಎಐ ಚಾಟ್‌ಬಾಟ್‌ಗಳು ಪದೇಪದೇ 'ಹಗ್ಗಿಂಗ್‌ಫೇಸ್-ಸಿಎಲ್‌ಐ' ಅನ್ನುವ ಪೊಟ್ಟಣ ಸೂಚಿಸ್ತಿದ್ದವು. ಅಂಥ ಪೊಟ್ಟಣವೇ ಇರಲಿಲ್ಲ. ಆ ಸೌಲಭ್ಯ ಇದ್ದದ್ದು 'ಹಗ್ಗಿಂಗ್‌ಫೇಸ್-ಹಬ್' ಅನ್ನುವ ಪೊಟ್ಟಣದೊಳಗೆ. ಇವರು ಆ ಹೆಸರಲ್ಲಿ ಏನೂ ಇಲ್ಲದ ಖಾಲಿ ಪೊಟ್ಟಣ ಇಟ್ಟರು. ಮೂರು ತಿಂಗಳಲ್ಲಿ 30,000ಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆಯ್ತು. ಇಟ್ಟವರು ಒಳ್ಳೆಯವರಾಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ನಿಜವಾದ ಉತ್ತರ ಎಲ್ಲಿ ಬರೆದಿದೆ?

ಹಾಗಾದರೆ ಯಾವ ಪೊಟ್ಟಣ ಯಾವ ಮಾಡ್ಯೂಲು ಕೊಡುತ್ತೆ ಅಂತ ಖಚಿತವಾಗಿ ಹೇಳೋರು ಯಾರು? ಇನ್‌ಸ್ಟಾಲ್ ಆದ ಪೊಟ್ಟಣಗಳ ಮಟ್ಟಿಗೆ ಉತ್ತರ ನಿಮ್ಮ ಕಂಪ್ಯೂಟರಿನಲ್ಲೇ ಇದೆ.

ಪಿಪ್ ಸಾಮಾನು ಜೋಡಿಸಿ ಸುಮ್ಮನೆ ಹೋಗಲ್ಲ. ಪ್ರತಿ ಪೊಟ್ಟಣಕ್ಕೂ 'ಡಿಸ್ಟ್-ಇನ್ಫೋ' ಅಂತ ಒಂದು ಸಣ್ಣ ಫೋಲ್ಡರ್ ಮಾಡಿ ಅದರಲ್ಲಿ ಲೆಕ್ಕ ಬರೆದಿಡುತ್ತೆ. 'ಮೆಟಾಡೇಟಾ' ಅನ್ನುವ ಫೈಲಿನಲ್ಲಿ ಪೊಟ್ಟಣದ ಹೆಸರು, ಆವೃತ್ತಿ, ಬರೆದವರ ವಿವರ ಇರುತ್ತೆ. 'ರೆಕಾರ್ಡ್' ಅನ್ನುವ ಫೈಲಿನಲ್ಲಿ ಯಾವ್ಯಾವ ಫೈಲು ಎಲ್ಲಿಟ್ಟೆ ಅನ್ನುವ ಪಟ್ಟಿ, ಜೊತೆಗೆ ಆ ಫೈಲುಗಳ ಬೆರಳಚ್ಚಿನಂಥ ಗುರುತು. ಬಹಳಷ್ಟು ಪೊಟ್ಟಣಗಳಲ್ಲಿ 'ಟಾಪ್ ಲೆವೆಲ್' ಅನ್ನುವ ಪುಟಾಣಿ ಫೈಲೂ ಇರುತ್ತೆ. ಇಂಪೋರ್ಟ್ ಮಾಡಬೇಕಾದ ಹೆಸರು ಅದರಲ್ಲಿ ಒಂದೊಂದು ಸಾಲಿಗೆ ಒಂದರಂತೆ ಇರುತ್ತೆ. ಅಂಗಡಿಯವರ ಸ್ಟಾಕ್ ಪುಸ್ತಕ ಇದ್ದ ಹಾಗೆ.

ಓದೋಕೆ ಮೂರು ದಾರಿ ಇದೆ. ಪೊಟ್ಟಣದ ಹೆಸರು ಗೊತ್ತಿದ್ದು ಒಳಗೇನಿದೆ ಅಂತ ನೋಡಬೇಕಾದರೆ 'ಪಿಪ್ ಶೋ' ಆಜ್ಞೆಗೆ ಫೈಲ್ಸ್ ಅನ್ನುವ ಆಯ್ಕೆ ಸೇರಿಸಿ ಕೊಟ್ಟರೆ ಇಡೀ ಪಟ್ಟಿ ಬರುತ್ತೆ. ಮಾಡ್ಯೂಲಿನ ಹೆಸರು ಗೊತ್ತಿದ್ದು ಪೊಟ್ಟಣ ಯಾವುದು ಅಂತ ತಿಳಿಯಬೇಕಾದರೆ, ಪೈಥಾನಿನ ಜೊತೆಗೇ ಬರುವ 'ಇಂಪೋರ್ಟ್‌ಲಿಬ್ ಮೆಟಾಡೇಟಾ'ದಲ್ಲಿ 'ಪ್ಯಾಕೇಜಸ್ ಡಿಸ್ಟ್ರಿಬ್ಯೂಷನ್ಸ್' ಅನ್ನುವ ಸೌಲಭ್ಯ ಇದೆ. 2021ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.10ರಿಂದ ಅದು ಎಲ್ಲರಿಗೂ ಸಿಗುತ್ತೆ. ಅದನ್ನು ಕರೆದರೆ ಎಡಗಡೆ ಮಾಡ್ಯೂಲು, ಬಲಗಡೆ ಅದನ್ನು ಕೊಟ್ಟ ಪೊಟ್ಟಣ ಅಂತ ಪೂರ್ತಿ ಕೋಷ್ಟಕವೇ ಬರುತ್ತೆ. ಪಿಐಎಲ್ ಎದುರಿಗೆ ಪಿಲ್ಲೋ, ಯಾಮ್ಲ್ ಎದುರಿಗೆ ಪೈಯಾಮ್ಲ್. ಸಿವಿ2 ಎದುರಿಗೆ ಎರಡು ಹೆಸರು ಕಂಡರೆ ಎರಡು ಪೊಟ್ಟಣ ಒಂದೇ ಜಾಗದಲ್ಲಿ ಜಗಳ ಆಡ್ತಿವೆ ಅಂತ ಅರ್ಥ. ಮೂರನೆಯದು, ಮಾಡ್ಯೂಲನ್ನು ಇಂಪೋರ್ಟ್ ಮಾಡಿ ಅದರ 'ಫೈಲ್' ಗುಣವನ್ನು ಮುದ್ರಿಸಿ ನೋಡೋದು. ಅದು ಡಿಸ್ಕಿನಲ್ಲಿ ಎಲ್ಲಿಂದ ಬಂತು ಅನ್ನುವ ಪೂರ್ತಿ ದಾರಿ ಕಾಣುತ್ತೆ. ನಮ್ಮದೇ ಪ್ರೋಗ್ರಾಮಿಗೆ ರಾಂಡಮ್ ಅಂತಲೋ ಯಾಮ್ಲ್ ಅಂತಲೋ ಹೆಸರಿಟ್ಟು, ಪೈಥಾನ್ ಅದನ್ನೇ ಮಾಡ್ಯೂಲು ಅಂದುಕೊಂಡು ಎತ್ತಿಕೊಂಡಿದ್ದರೆ ಇಲ್ಲಿ ಸಿಕ್ಕಿಬೀಳುತ್ತೆ.

ಒಂದು ಮಿತಿ ನೆನಪಿರಲಿ. ಈ ಪುಸ್ತಕ ಮನೆಗೆ ಬಂದಿರುವ ಸಾಮಾನಿನ ಲೆಕ್ಕ ಮಾತ್ರ ಹೇಳುತ್ತೆ. ಇನ್ನೂ ತರದೇ ಇರುವ ಮಾಡ್ಯೂಲು ಯಾವ ಪೊಟ್ಟಣದಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ಇಂಪೋರ್ಟ್ ಸಾಲುಗಳನ್ನು ಓದಿ ಪೊಟ್ಟಣಗಳ ಪಟ್ಟಿ ತಯಾರಿಸುವ ಪಿಪ್‌ರೆಕ್ಸ್‌ನಂಥ ಸಾಧನಗಳಿವೆ. ಅವು ಜನ ಕೈಯಾರೆ ಬರೆದಿಟ್ಟ ಹೊಂದಾಣಿಕೆ ಪಟ್ಟಿಯನ್ನು ನಂಬಿಕೊಂಡಿವೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅವೂ ಊಹೆ ಮಾಡಬೇಕು. ಹಾಗಾಗಿ ಅವು ಕೊಟ್ಟ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿಯೇ ಬಳಸಬೇಕು.

ಬೇರೆ ಮನೆಗಳ ಪದ್ಧತಿ

ಎಲ್ಲ ಕಡೆಯೂ ಹೀಗೇ ಗೊಂದಲ ಇದೆ ಅಂದುಕೊಳ್ಳಬೇಡಿ. ಪರ್ಲ್ ಭಾಷೆಯವರು 1995ರಿಂದ ನಡೆಸಿಕೊಂಡು ಬಂದಿರುವ ಸಿಪ್ಯಾನ್ ಉಗ್ರಾಣದಲ್ಲಿ ಮಾಡ್ಯೂಲಿನ ಹೆಸರಿಗೇ ಒಂದು ಸೂಚಿ ಇದೆ. ಇಂಥ ಮಾಡ್ಯೂಲು ಇಂಥ ಪೊಟ್ಟಣದಲ್ಲಿದೆ ಅಂತ ಉಗ್ರಾಣವೇ ಬರೆದಿಟ್ಟಿರುತ್ತೆ. ಅಲ್ಲಿ ಕರೆಯುವ ಹೆಸರು ಹೇಳಿದರೇ ಸಾಕು, ಪೊಟ್ಟಣ ತಾನಾಗಿ ಬರುತ್ತೆ.

ಡೆಬಿಯನ್ ಲಿನಕ್ಸ್‌ನವರದು ಇನ್ನೊಂದು ಶಿಸ್ತು. ಪೈಥಾನ್ ಮಾಡ್ಯೂಲನ್ನು ತಮ್ಮಲ್ಲಿ ಪೊಟ್ಟಣ ಕಟ್ಟುವಾಗ ಕರೆಯುವ ಹೆಸರನ್ನೇ ಮೇಲೆ ಬರೀಬೇಕು ಅಂತ ನಿಯಮ ಮಾಡಿಕೊಂಡಿದ್ದಾರೆ. ಅಲ್ಲಿ ಪಿಲ್ಲೋ ಸಿಗೋದು 'ಪೈಥಾನ್3-ಪಿಐಎಲ್' ಹೆಸರಲ್ಲಿ, ಪೈಯಾಮ್ಲ್ ಸಿಗೋದು 'ಪೈಥಾನ್3-ಯಾಮ್ಲ್' ಹೆಸರಲ್ಲಿ. ಆ ನಕಲಿ ಡೇಟ್‌ಯುಟಿಲ್‌ಗೆ ಕಳ್ಳ ಯಾಕೆ 3 ಸೇರಿಸಿದ ಅಂತ ಈಗ ಗೊತ್ತಾಯ್ತಲ್ಲ? ಡೆಬಿಯನ್‌ನಲ್ಲಿ ಸರಿಯಾದ ಹೆಸರು ಅದೇ. ಒಂದು ಊರಿನ ಸರಿ ಇನ್ನೊಂದು ಊರಿನಲ್ಲಿ ಬಲೆ ಆಯ್ತು.

ದೊಡ್ಡ ಕಂಪನಿಗಳಿಗೂ ಬಿಟ್ಟಿಲ್ಲ

ಇದು ಬರೀ ವಿದ್ಯಾರ್ಥಿಗಳ ಪಾಡು ಅಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಅನ್ನುವ ಜಾವಾ ಸಾಫ್ಟ್‌ವೇರಿನಲ್ಲಿ ದೊಡ್ಡ ಬಿರುಕು ಬಯಲಾಯ್ತು. ಅಪಾಯದ ಅಳತೆಗೋಲಿನಲ್ಲಿ ಅದಕ್ಕೆ 10ಕ್ಕೆ 10. ಪ್ರೋಗ್ರಾಮು ಏನು ಮಾಡ್ತಿದೆ ಅಂತ ದಿನಚರಿ ಬರೆಯುವ ಸಾಮಾನ್ಯ ಸಾಧನ ಅದು. ಹೊರಗಿನವರು ಒಂದು ಸಾಲು ಪಠ್ಯ ಕಳಿಸಿ ಸರ್ವರನ್ನೇ ವಶಕ್ಕೆ ತಗೊಳ್ಳೋ ಹಾಗಿತ್ತು.

ಆಗ ಪ್ರಪಂಚದ ಎಲ್ಲ ಕಚೇರಿಗಳಲ್ಲೂ ಎದ್ದ ಪ್ರಶ್ನೆ, 'ನಮ್ಮಲ್ಲಿ ಇದು ಇದೆಯಾ?' ಉತ್ತರ ಸುಲಭ ಇರಲಿಲ್ಲ. ಬಿರುಕು ಇದ್ದದ್ದು 'ಲಾಗ್4ಜೆ-ಕೋರ್' ಪೊಟ್ಟಣದೊಳಗಿನ 'ಜೆಎನ್‌ಡಿಐ ಲುಕಪ್' ಅನ್ನುವ ಒಂದು ತುಣುಕಿನಲ್ಲಿ. 'ಲಾಗ್4ಜೆ-ಎಪಿಐ' ಮಾತ್ರ ಇದ್ದವರಿಗೆ ಅಪಾಯ ಇರಲಿಲ್ಲ. ಇನ್ನೊಂದು ಕಡೆ, ಲಾಗ್4ಜೆ ಅನ್ನುವ ಹೆಸರೇ ಇಲ್ಲದ ದೊಡ್ಡ ಪೊಟ್ಟಣಗಳ ಒಳಗೆ, ಅದರೊಳಗಿನ ಇನ್ನೊಂದು ಪೊಟ್ಟಣದ ಒಳಗೆ ಈ ತುಣುಕು ಅಡಗಿ ಕೂತಿರ್ತಿತ್ತು. ಮೇಲಿನ ಚೀಟಿ ಓದಿದವರು 'ನಮ್ಮಲ್ಲಿ ಇಲ್ಲ' ಅಂದುಕೊಂಡರು, ಒಳಗೆ ಇತ್ತು. ಕಡೆಗೆ ಪೊಟ್ಟಣಗಳನ್ನು ಬಿಚ್ಚಿ ಒಳಗಿನ ತುಣುಕಿನ ಹೆಸರು ಹುಡುಕಬೇಕಾಯ್ತು.

ಇಂಥ ಅನುಭವಗಳಿಂದಲೇ ಈಗ 'ಸಾಫ್ಟ್‌ವೇರ್ ಬಿಲ್ ಆಫ್ ಮೆಟೀರಿಯಲ್ಸ್' ಅನ್ನುವ ಮಾತು ಜೋರಾಗಿದೆ. ಮದುವೆ ಅಡುಗೆಯ ಭಟ್ಟರು ಬರೆಸುವ ಸಾಮಾನು ಪಟ್ಟಿ ಇದ್ದ ಹಾಗೆ, ಒಂದು ಸಾಫ್ಟ್‌ವೇರಿನೊಳಗೆ ಏನೇನಿದೆ ಅನ್ನುವ ಪಟ್ಟಿ. ನಮ್ಮ ದೇಶದ ಸೈಬರ್ ತುರ್ತು ಸಂಸ್ಥೆ ಸಿಇಆರ್‌ಟಿ-ಇನ್ 2024ರ ಅಕ್ಟೋಬರ್‌ನಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಷೇರುಪೇಟೆ ನಿಯಂತ್ರಕ ಸೆಬಿಯೂ ಅದೇ ವರ್ಷದ ತನ್ನ ಸೈಬರ್ ಸುರಕ್ಷತಾ ಚೌಕಟ್ಟಿನಲ್ಲಿ ಇದನ್ನು ಸೇರಿಸಿದೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ಎಷ್ಟೋ ಮಂದಿಗೆ ಈಗ ಇಂಥ ಪಟ್ಟಿ ತಯಾರಿಸೋದೂ ಕೆಲಸದ ಭಾಗ. ಪಟ್ಟಿ ಸರಿ ಇರಬೇಕಾದರೆ ಚೀಟಿಯ ಹೆಸರು ಬರೆದು ಮುಗಿಸೋದು ಸಾಲದು, ಒಳಗಿನ ಸರಕಿನ ಜೊತೆ ತಾಳೆ ನೋಡಬೇಕು.

ಮಕ್ಕಳಿಗೆ ಹೇಳಿಕೊಡಬಹುದಾದ ಅಭ್ಯಾಸಗಳು

ಕೋಡಿಂಗ್ ಗೊತ್ತಿಲ್ಲದ ಅಪ್ಪ ಅಮ್ಮಂದಿರೂ ಈ ಕೆಲವು ಮಾತನ್ನು ಹೇಳಬಹುದು.

* ಇಂಪೋರ್ಟ್ ಹೆಸರು ನೋಡಿ ಇನ್‌ಸ್ಟಾಲ್ ಹೆಸರು ಊಹಿಸಬೇಡ. ಆ ಯೋಜನೆಯ ಅಧಿಕೃತ ಕೈಪಿಡಿಯಲ್ಲಿ ಇರುವ ಸಾಲನ್ನೇ ನಕಲು ಮಾಡು.

* ಚಾಟ್‌ಬಾಟ್ ಹೇಳಿದ ಹೆಸರಾದರೆ ಮೊದಲು ಪೈಪಿಐ ಪುಟ ತೆರೆದು ನೋಡು. ಯಾವಾಗಿನಿಂದ ಇದೆ, ಎಷ್ಟು ಆವೃತ್ತಿ ಬಂದಿದೆ, ಮೂಲ ಕೋಡಿನ ಕೊಂಡಿ ಇದೆಯಾ? ನಿನ್ನೆ ಮೊನ್ನೆ ಹುಟ್ಟಿದ ಪೊಟ್ಟಣಕ್ಕೆ ಹಳೇ ಪ್ರಸಿದ್ಧ ಹೆಸರಿನ ಛಾಯೆ ಇದ್ದರೆ ದೂರ ಇರು.

* ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಪೈಥಾನ್ ಇರಬಹುದು. ಪಿಪ್ ಒಂದು ಕಪಾಟಿನಲ್ಲಿ ಇಟ್ಟು, ಪೈಥಾನ್ ಇನ್ನೊಂದರಲ್ಲಿ ಹುಡುಕಬಹುದು. ಅದಕ್ಕೆ 'ಪೈಥಾನ್ -ಎಂ ಪಿಪ್' ಅಂತ ಬರೆದು ಇನ್‌ಸ್ಟಾಲ್ ಮಾಡು. ಇಡುವವನೂ ಹುಡುಕುವವನೂ ಒಬ್ಬನೇ ಆಗ್ತಾನೆ.

* ಪ್ರತಿ ಪ್ರಾಜೆಕ್ಟಿಗೂ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡು. ಒಂದರ ಸಾಮಾನು ಇನ್ನೊಂದರ ಜೊತೆ ಬೆರೆಯಲ್ಲ. ಹಾಳಾದರೆ ಅದೊಂದನ್ನೇ ಅಳಿಸಿ ಹೊಸದು ಮಾಡಬಹುದು.

* ಗೆಳೆಯರಿಗೆ ಕೋಡು ಕಳಿಸುವಾಗ ಪೊಟ್ಟಣಗಳ ಪಟ್ಟಿಯನ್ನೂ ಜೊತೆಗಿಡು. ಎರಡು ಹೆಸರು ಬೇರೆ ಬೇರೆ ಇರುವ ಕಡೆ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆ. ಆರು ತಿಂಗಳ ನಂತರ ಅದನ್ನು ಓದೋನು ನೀನೇ ಆಗಿರ್ತೀಯ.

ಔಷಧದ ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರೂ ಇರುತ್ತೆ, ಒಳಗಿನ ಮದ್ದಿನ ಹೆಸರೂ ಅಚ್ಚಾಗಿರುತ್ತೆ. ಅಷ್ಟು ಬರೆದಿದ್ದರೂ ನಮ್ಮಲ್ಲಿ ಓದಿ ನೋಡುವವರು ಎಷ್ಟು ಮಂದಿ? ಸಾಫ್ಟ್‌ವೇರಿನ ಲೆಕ್ಕಪುಸ್ತಕವೂ ಹಾಗೇ. ಬರೆದಿಟ್ಟಿದ್ದಾರೆ, ತೆರೆದು ಓದಬೇಕು. ಎರಡು ನಿಮಿಷದ ಕೆಲಸ, ಊಟ ಆರೋದರೊಳಗೆ ಮುಗಿಯುತ್ತೆ.